ಟ್ರ್ಯಾಕ್ಟರಿಗೆ ಗೊಬ್ಬರದ ಡಬ್ಬ ಕೂರಿಸಿದ್ದು

ಯಂತ್ರಗಳಿಗೂ ನನಗೂ ಆಗಿಬರುವುದಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಮನೆಯ ಪಂಪ್ ಸ್ಟೌವಿಗೆ ಪಿನ್ನು ಹಾಕುವವಳು ನನ್ನ ಹೆಂಡತಿ ಲಲಿತ. ಗಡಿಯಾರಕ್ಕೆ ಕೀಲಿ ಕೊಡುವವಳೂ ಅವಳೇ. ಸೈಕಲ್ಲಿನ ಚೈನು ಕಳಚಿದರೆ ನಾನು ರಸ್ತೆ ಬದಿಯಲ್ಲಿ ನಿಂತು ದಾರಿಹೋಕರ ಮುಖವನ್ನು ದೀನನಾಗಿ ನೋಡುತ್ತೇನೆ. ಯಾರೋ ಒಬ್ಬ ಪುಣ್ಯಾತ್ಮ ಬಂದು, ಕೈ ಕೊಳೆ ಮಾಡಿಕೊಂಡು, ಚೈನು ಕೂರಿಸಿ, ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ ಹೋಗುತ್ತಾನೆ. ಆ ನೋಟಕ್ಕೆ ನಾನು ಒಗ್ಗಿಹೋಗಿದ್ದೇನೆ. ಇಂಥವನ ತಲೆಗೆ ಟ್ರ್ಯಾಕ್ಟರಿಗೆ ಗೊಬ್ಬರ ಎರಚುವ ಯಂತ್ರವನ್ನು ಜೋಡಿಸುವ ಕೆಲಸ ಹೇಗೆ ಬಂತು ಎಂದು ನೀವು ಕೇಳಬಹುದು. ಕೇಳಿದರೆ ನೀವು ಎಂದೂ ಕಚೇರಿಯಲ್ಲಿ ನೌಕರಿ ಮಾಡಿದವರಲ್ಲ ಎಂದರ್ಥ. ಅಲ್ಲಿ ಕೆಲಸ ಬರುವುದು ಬಲ್ಲವನಿಗಲ್ಲ, ಆಗುವುದಿಲ್ಲ ಎನ್ನಲು ಬಾಯಿ ಬಾರದವನಿಗೆ.

ಆಗ ನಾನು ಭದ್ರಾವತಿಯ ಒಂದು ಕಾರ್ಖಾನೆಯಲ್ಲಿ ಗುಮಾಸ್ತ. ಕಾರ್ಖಾನೆ ಎಂದ ಕೂಡಲೇ ಬೆಂಕಿ, ಹೊಗೆ, ಸೈರನ್ನು ಎಂದೆಲ್ಲ ಊಹಿಸಿಕೊಳ್ಳಬೇಡಿ. ನನ್ನದು ಉದ್ಯಾನ ವಿಭಾಗ. ಆಫೀಸರುಗಳ ಬಂಗಲೆಯ ಗುಲಾಬಿ, ಕ್ಲಬ್ಬಿನ ಮುಂದಿನ ಹುಲ್ಲುಹಾಸು, ಅತಿಥಿಗೃಹದ ಕ್ರೋಟನ್ನು, ಇವುಗಳ ಯೋಗಕ್ಷೇಮದ ಕಾಗದಪತ್ರ ನನ್ನ ಮೇಜಿನ ಮೇಲೆ. ಶಿವಮೊಗ್ಗದ ರವೀಂದ್ರನಗರದಲ್ಲಿ ಬಾಡಿಗೆ ಮನೆ. ಬೆಳಿಗ್ಗೆ ಬಸ್ಸಿನಲ್ಲಿ ಹೋಗಿ ಸಂಜೆ ಬಸ್ಸಿನಲ್ಲಿ ವಾಪಸು. ಆ ಮನೆಯಲ್ಲಿ ಅಡಿಗೆಮನೆಯೊಳಗೇ ನಲ್ಲಿ ಇತ್ತು. ಮದುವೆಯಾದಾಗಿನಿಂದ ಬೀದಿಯ ನಲ್ಲಿಗೆ ಕೊಡ ಹೊತ್ತ ನನ್ನ ಹೆಂಡತಿಗೆ ಆ ನಲ್ಲಿಯ ಮೇಲೆ ಗಂಡನಿಗಿಂತ ಒಂದು ತೂಕ ಹೆಚ್ಚೇ ಪ್ರೀತಿ. ಸದ್ದಿಲ್ಲದೆ ತೊಟ್ಟಿಕ್ಕುವ ಅದರ ಗುಣವೂ ಅವಳಿಗೆ ನನ್ನ ಗುಣಗಳಿಗಿಂತ ಸಹ್ಯವಾಗಿತ್ತು.

ನಮ್ಮ ವಿಭಾಗದ ಮುಖ್ಯಸ್ಥರು ಜಯರಾಮ್ ಸಾಹೇಬರು. ಕಾರ್ಖಾನೆಯವರು ಅವರನ್ನು ಏನೋ ತರಬೇತಿಗೆಂದು ಹೊರದೇಶಕ್ಕೆ ಕಳಿಸಿದ್ದರು. ಹೋಗುವಾಗ ಅವರು ಜಯರಾಮಯ್ಯ. ಅಲ್ಲಿನ ಚಳಿಗೆ 'ಅಯ್ಯ' ಉದುರಿಹೋಗಿ ಬರುವಾಗ ಬರೀ ಜಯರಾಮ್. ಬಂದ ಮೇಲೆ ಅವರ ಪ್ರತಿ ಮಾತೂ "ನಾನು ಫಾರಿನ್‌ನಲ್ಲಿದ್ದಾಗ" ಎಂದು ಶುರುವಾಗುತ್ತಿತ್ತು. ಹೊರದೇಶದಲ್ಲಿ ಅವರು ನೋಡಿದ್ದು ಬಹಳ, ಆದರೆ ಮನಸ್ಸಿನಲ್ಲಿ ಕೂತದ್ದು ಒಂದೇ: ಅಲ್ಲಿ ಒಬ್ಬ ಮುದುಕ ಬಾಯಲ್ಲಿ ಪೈಪು ಕಚ್ಚಿಕೊಂಡು ಪುಟ್ಟ ಟ್ರ್ಯಾಕ್ಟರಿನ ಮೇಲೆ ಕೂತು ತನ್ನ ತೋಟಕ್ಕೆ ಗೊಬ್ಬರ ಹಾಕುತ್ತಿದ್ದ ದೃಶ್ಯ. ಆ ಮುದುಕನಾಗಬೇಕೆಂಬ ಆಸೆ ನಮ್ಮ ಸಾಹೇಬರನ್ನು ಹಿಡಿದುಬಿಟ್ಟಿತು. ಯಾರ್‍ಯಾರ ಕೈಕಾಲು ಹಿಡಿದರೋ, ಅಂತೂ ಒಂದು ತೋಟದ ಟ್ರ್ಯಾಕ್ಟರು ಭದ್ರಾವತಿಗೆ ಬಂದಿಳಿಯಿತು.

ಅದು ಎಷ್ಟು ಚಿಕ್ಕದೆಂದರೆ, ಪಾಳಿ ಮುಗಿಸಿ ಬರುತ್ತಿದ್ದ ಕೆಲಸಗಾರರು ಬೇಲಿಯ ಆಚೆ ನಿಂತು, "ಇನ್ನೂ ಹಾಲು ಬಿಡಿಸಿಲ್ವೇನ್ ಸಾರ್ ಇದಕ್ಕೆ? ಇದರ ತಾಯಿ ಎಲ್ಲಿ?" ಎಂದು ಕೇಳುತ್ತಿದ್ದರು. ಸಾಹೇಬರಿಗೆ ಅದೆಲ್ಲ ಕೇಳಿಸುತ್ತಿರಲಿಲ್ಲ. ಹ್ಯಾಟು ಹಾಕಿಕೊಂಡು, ಪೈಪು ಕಚ್ಚಿಕೊಂಡು, ಕ್ಲಬ್ಬಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಇಳಿಯುವಾಗ ಅವರ ಮುಖದಲ್ಲಿ ದಂಡಯಾತ್ರೆ ಗೆದ್ದ ಕಳೆ ಇರುತ್ತಿತ್ತು.

ಟ್ರ್ಯಾಕ್ಟರು ಬಂದ ಸ್ವಲ್ಪ ಕಾಲಕ್ಕೆ ಗೊಬ್ಬರ ಎರಚುವ ಯಂತ್ರ ಒಂದು ಮರದ ಪೆಟ್ಟಿಗೆಯಲ್ಲಿ ಬಂತು. ಬಿಚ್ಚಿ ನೋಡಿದರೆ ದೊಡ್ಡದೊಂದು ಲಾಳಿಕೆಯಂಥ ತಗಡಿನ ಡಬ್ಬ, ಅದರ ತಳದಲ್ಲಿ ತೆರೆದು ಮುಚ್ಚುವ ಒಂದು ತಗಡಿನ ಬಾಗಿಲು, ಕೆಳಗೆ ಗಿರಗಿರ ತಿರುಗುವ ಒಂದು ತಟ್ಟೆ, ಎರಡು ಕಬ್ಬಿಣದ ತೋಳುಗಳು, ಒಂದು ಚೈನು, ಮತ್ತು ಯಾವುದು ಎಲ್ಲಿಯದೆಂದು ತಿಳಿಯದ ಬೋಲ್ಟುಗಳ ಗಂಟು. ಡಬ್ಬದಲ್ಲಿ ಗೊಬ್ಬರ ತುಂಬಿ ಟ್ರ್ಯಾಕ್ಟರಿನ ಹಿಂದೆ ಕೂರಿಸಿದರೆ, ಟ್ರ್ಯಾಕ್ಟರು ಓಡಿದಂತೆ ತಟ್ಟೆ ತಿರುಗಿ ಗೊಬ್ಬರವನ್ನು ಎಲ್ಲ ಕಡೆ ಸಮವಾಗಿ ಎರಚುತ್ತದೆ. ಇದು ಸಿದ್ಧಾಂತ. ಜೊತೆಗಿದ್ದ ಪುಸ್ತಕ ನಮಗೆ ಯಾರಿಗೂ ಬಾರದ ಯಾವುದೋ ಯೂರೋಪಿನ ಭಾಷೆಯಲ್ಲಿತ್ತು. ಟ್ರ್ಯಾಕ್ಟರು ಹುಟ್ಟಿದ್ದು ಒಂದು ದೇಶದಲ್ಲಿ, ಡಬ್ಬ ಇನ್ನೊಂದು ದೇಶದಲ್ಲಿ. ಇದರ ತೂತಿಗೂ ಅದರ ತೂತಿಗೂ ಏನೇನೂ ಸಂಬಂಧವಿರಲಿಲ್ಲ.

"ಶೇಷಗಿರಿ, ಮುಂದಿನ ವಾರ ಬೆಂಗಳೂರಿಂದ ಡೈರೆಕ್ಟರು ಬರ್ತಾರೆ. ಅಷ್ಟರಲ್ಲಿ ಇದನ್ನ ಫಿಟ್ ಮಾಡಿಸಿ. ಡೆಮಾನ್‌ಸ್ಟ್ರೇಷನ್ ನಾನೇ ಕೊಡ್ತೀನಿ," ಎಂದರು ಸಾಹೇಬರು.

"ಸಾರ್, ನನಗೆ ಯಂತ್ರದ ವಿಷಯ..."

"ಫಾರಿನ್‌ನಲ್ಲಿ ಇದನ್ನೆಲ್ಲ ಹೆಂಗಸರು ಮಾಡ್ತಾರೆ ಕಣ್ರೀ." ಪೈಪನ್ನು ಬಾಯಿಂದ ತೆಗೆದು ಅದರ ತುದಿಯನ್ನು ನೋಡುತ್ತ, "ಅಂದ ಹಾಗೆ, ಗಣಿ ಆಫೀಸಿನವರು ಒಬ್ಬ ಗುಮಾಸ್ತ ಬೇಕು ಅಂತಿದ್ದಾರೆ," ಎಂದರು.

ಗಣಿ ಆಫೀಸು ಎಂದರೆ ಬೆಟ್ಟದ ತುದಿ. ಜಿಗಣೆ, ಮಂಜು, ವಾರಕ್ಕೊಮ್ಮೆ ಬರುವ ತರಕಾರಿ. ನಲ್ಲಿಯ ಮಾತೇ ಇಲ್ಲ. ಸಂಜೆ ಮನೆಗೆ ಹೋಗಿ ಹೇಳಿದೆ. ಲಲಿತ ಪಾತ್ರೆ ತೊಳೆಯುತ್ತಿದ್ದವಳು ನಲ್ಲಿಯನ್ನು ನಿಲ್ಲಿಸದೆಯೇ ತಿರುಗಿದಳು. "ಆ ಡಬ್ಬ ಕೂರಿಸಿ ಬನ್ನಿ ಮಾರಾಯ್ರೇ. ಅದೇನು ಕೂರಿಸ್ತೀರೋ, ಕಟ್ಟಿಹಾಕ್ತೀರೋ, ನೀವೇ ಹೊತ್ಕೊಂಡು ಓಡ್ತೀರೋ, ನಂಗೊತ್ತಿಲ್ಲ. ನಾನಂತೂ ಬೆಟ್ಟ ಹತ್ತಲ್ಲ."

ಮರುದಿನ ಕಾರ್ಖಾನೆಯ ವರ್ಕ್‌ಶಾಪಿಗೆ ಹೋದೆ. ಅಲ್ಲಿನ ಫೋರ್‌ಮನ್ ಪೊನ್ನುಸಾಮಿ ಒಳ್ಳೆಯ ಮನುಷ್ಯ. ಜನ್ನಾಪುರದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ. ಅರ್ಧ ತಮಿಳು, ಅರ್ಧ ಕನ್ನಡ, ಪೂರ್ತಿ ಪ್ರಾಮಾಣಿಕ. ನಾನು ತಂದ ಕಬ್ಬಿಣದ ತೋಳನ್ನು ತಿರುಗಿಸಿ ನೋಡಿ ನಿಟ್ಟುಸಿರು ಬಿಟ್ಟ. "ಸಾರ್, ಸೇತುವೆಗೆ ಗರ್ಡರ್ ಬೇಕಾ, ಕೇಳಿ, ನಾಳೆ ಕೊಡ್ತೀನಿ. ಇದಕ್ಕೆ ಎರಡು ತೂತು, ನಾಲ್ಕು ಬೋಲ್ಟ್ ಅಂದ್ರೆ ಮೊದ್ಲು ಆರ್ಡರ್ ಆಗ್ಬೇಕು, ಅದು ಪ್ಲಾನಿಂಗ್‌ಗೆ ಹೋಗ್ಬೇಕು, ಅವ್ರು ಡ್ರಾಯಿಂಗ್ ಕೇಳ್ತಾರೆ, ಡ್ರಾಯಿಂಗ್‌ನವ್ರು ಲೀವ್‌ನಲ್ಲಿದ್ದಾರೆ. ನಿಮ್ಮ ಡೈರೆಕ್ಟರು ರಿಟೈರ್ ಆಗೋದ್ರೊಳಗೆ ಖಂಡಿತ ಮಾಡ್ಕೊಡ್ತೀನಿ ಸಾರ್."

ಸುತ್ತಲೂ ಇಡೀ ಕಾರ್ಖಾನೆ ಗುಡುಗುತ್ತಿತ್ತು. ಅಷ್ಟು ಕಬ್ಬಿಣದ ನಡುವೆ ನನಗೆ ಹೊಂದುವ ಒಂದು ಬೋಲ್ಟೂ ಸಿಗಲಿಲ್ಲ.

ಹಾಗಾಗಿ ಕಬ್ಬಿಣದ ಎರಡೂ ತೋಳುಗಳನ್ನು ಹಳೆಯ ಗೋಣಿಯಲ್ಲಿ ಸುತ್ತಿ ಶಿವಮೊಗ್ಗದ ಬಸ್ಸು ಹತ್ತಿದೆ. ತೊಡೆಯ ಮೇಲಿಟ್ಟುಕೊಂಡರೆ ಒಂದು ತುದಿ ಪಕ್ಕದವನ ಪಕ್ಕೆಗೆ, ಇನ್ನೊಂದು ತುದಿ ಮುಂದಿನ ಸೀಟಿನ ಹೆಂಗಸಿನ ಬೆನ್ನಿಗೆ. "ಏನ್ ಸ್ವಾಮಿ ಇದು?" ಎಂದ ಪಕ್ಕದವನು. ಗೊಬ್ಬರ ಎರಚುವ ಯಂತ್ರದ ತೋಳು ಎಂದೆ. "ಗೊಬ್ಬರ ಎರಚೋಕೆ ದೇವರು ಎರಡು ತೋಳು ಕೊಟ್ಟಿದಾನಲ್ರೀ. ನಿಮಗೆ ಸಾಲದೇ ಹೋಯ್ತಾ?" ಎಂದು ಅವನು ಇಡೀ ಬಸ್ಸಿಗೆ ಕೇಳುವಂತೆ ಹೇಳಿದ. ಕಂಡಕ್ಟರು ತೋಳಿಗೂ ಟಿಕೆಟ್ಟು ಹರಿಯಲು ನೋಡಿದ.

ಗಾಂಧಿ ಬಜಾರಿನ ಹಿಂದಿನ ಓಣಿಯಲ್ಲಿ ಗಫೂರ್ ಸಾಹೇಬರ ಗ್ಯಾರೇಜು. ಅವರು ಊರಿನ ಅರ್ಧ ಲಾರಿಗಳಿಗೆ ಪ್ರಾಣದಾನ ಮಾಡಿದವರು. ಅವರ ಒಂದೇ ತೊಂದರೆಯೆಂದರೆ, ಲೋಕದಲ್ಲಿರುವುದೆಲ್ಲ ಲಾರಿ ಎಂದೇ ಅವರ ನಂಬಿಕೆ. ಹೊಲಿಗೆ ಯಂತ್ರ ತಂದರೂ ಬಾನೆಟ್ ಎಲ್ಲಿ ಎಂದು ಹುಡುಕುವರು. ನನ್ನ ತೋಳುಗಳನ್ನು ಬೆಳಕಿಗೆ ಹಿಡಿದು, ಬೆರಳಿನಿಂದ ಟಣ್ ಎನ್ನಿಸಿ, "ಇದು ಲಾರಿದಲ್ಲ," ಎಂದರು ಬೇಸರದಿಂದ.

"ಅಲ್ಲ. ತೋಟದ ಟ್ರ್ಯಾಕ್ಟರಿಂದು."

"ಫಿಕರ್ ಮಾಡಬೇಡಿ ಸ್ವಾಮಿ. ಲಾರಿದು ಮಾಡಿಬಿಡೋಣ."

ಭಾನುವಾರ ಅವರು ಭದ್ರಾವತಿಗೆ ಬಂದು ನಿಜಕ್ಕೂ ಹಾಗೇ ಮಾಡಿದರು. ಬೇಕಾದಲ್ಲಿ ಹೊಸ ತೂತು ಕೊರೆದರು, ಲಾರಿಯ ಸ್ಪ್ರಿಂಗ್ ಪಟ್ಟಿ ಬಿಗಿಯುವ ಭಾರಿ ಕೊಕ್ಕೆಗಳಿಂದ ಡಬ್ಬವನ್ನು ಟ್ರ್ಯಾಕ್ಟರಿನ ಬೆನ್ನಿಗೆ ಬಿಗಿದರು. ಆನೆ ಎಳೆದರೂ ಅಲುಗುವಂತಿರಲಿಲ್ಲ. ಆದರೆ ಡಬ್ಬ ಕೂತ ಮೇಲೆ ಅದರ ಬಾಗಿಲು ತೆರೆಯುವ ಹಿಡಿಕೆ ಚಾಲಕನ ಕೈಗೆ ಎಟುಕದ ಕಡೆಗೆ ಹೋಗಿತ್ತು. ಗಫೂರ್ ಸಾಹೇಬರು ಯೋಚಿಸಿ ಹಿಡಿಕೆಗೊಂದು ಹಗ್ಗ ಕಟ್ಟಿ, ಅದರ ತುದಿಯನ್ನು ಚಾಲಕನ ಸೀಟಿನ ಪಕ್ಕಕ್ಕೆ ತಂದರು. ಎಳೆದರೆ ಬಾಗಿಲು ತೆರೆಯಿತು. ನಾನು ಸಂಶಯದಿಂದ, "ಮುಚ್ಚೋದು ಹೇಗೆ? ಹಗ್ಗ ಎಳೆಯುತ್ತೆ, ತಳ್ಳಲ್ಲವಲ್ಲ?" ಎಂದೆ. ಯಂತ್ರದ ವಿಷಯದಲ್ಲಿ ನಾನು ಜೀವಮಾನದಲ್ಲಿ ಕೇಳಿದ ಒಂದೇ ಸರಿಯಾದ ಪ್ರಶ್ನೆ ಅದು.

"ಮುಚ್ಚೋದು ಯಾಕೆ ಸ್ವಾಮಿ?" ಎಂದರು ಅವರು ಕರುಣೆಯಿಂದ. "ಗೊಬ್ಬರ ಖತಂ ಆದ್ಮೇಲೆ ತಾನಾಗೇ ನಿಲ್ಲುತ್ತೆ."



ಇದನ್ನೆಲ್ಲ ಮುನಿಯಮ್ಮ ದೂರದಲ್ಲಿ ನಿಂತು ನೋಡುತ್ತಿದ್ದಳು. ಅವಳು ನಮ್ಮ ವಿಭಾಗದ ಮಾಲಿ. ಅಲ್ಲಿಯವರೆಗೂ ಆ ಹುಲ್ಲುಹಾಸಿಗೆಲ್ಲ ಸೊಂಟದ ಬುಟ್ಟಿಯಿಂದ ಸೀಮೆಗೊಬ್ಬರ ಎರಚುತ್ತಿದ್ದವಳು. ಹತ್ತಿರ ಬಂದು ಡಬ್ಬವನ್ನು ಮುಟ್ಟಿ, "ಸಾಮಿ, ಇನ್ಮೇಲೆ ಇದೇ ಎರಚ್ತದಾ? ನಾನು ಕೈ ಹಾಕೋದೇ ಬೇಡ್ವಾ?" ಎಂದಳು. ಬೇಡ ಎಂದೆ. ಅವಳು ಅಂಗೈ ಚಾಚಿ ತೋರಿಸಿದಳು. ಉಪ್ಪಿನಂಥ ಆ ಗೊಬ್ಬರ ತಾಗಿ ತಾಗಿ ಅಂಗೈ ಬಿರುಕುಬಿಟ್ಟು, ಬಿರುಕಿನಲ್ಲಿ ರಕ್ತ ಜಿನುಗಿ ಒಣಗಿತ್ತು. "ಅನ್ನ ಕಲಸ್ಬೇಕಾದ್ರೆ ಕಣ್ಣಲ್ಲಿ ನೀರು ಬರ್ತದೆ ಸಾಮಿ. ಮಗಳು ಕಲಸಿ ಕೊಡ್ತಾಳೆ. ಈ ನಿಮ್ಮ ದೇವ್ರಿಗೆ ಒಂದು ಕರ್ಪೂರ ಹಚ್ತೀನಿ ಬಿಡಿ," ಎಂದು ಡಬ್ಬಕ್ಕೆ ಕೈಮುಗಿದಳು. ಅಷ್ಟು ಹೊತ್ತು ತಮಾಷೆಯಾಗಿದ್ದ ಆ ಡಬ್ಬ ನನಗೆ ಮೊದಲ ಸಲ ಓಡಲೇಬೇಕಾದ ವಸ್ತುವಾಗಿ ಕಂಡಿತು.

ಗೊಬ್ಬರ ತುಂಬಿದೆವು. ತುಂಬುತ್ತಿದ್ದಂತೆ ಟ್ರ್ಯಾಕ್ಟರಿನ ಮುಂದಿನ ಚಕ್ರಗಳು ಮೆಲ್ಲನೆ ನೆಲ ಬಿಟ್ಟು ಮೇಲೆದ್ದವು. ಕುದುರೆ ಮುಂಗಾಲೆತ್ತಿ ನಿಂತ ಹಾಗೆ. ಲಾರಿಗೆ ತಕ್ಕ ಕಬ್ಬಿಣವನ್ನೆಲ್ಲ ಹಿಂದೆ ಬಿಗಿದದ್ದರ ಫಲ. ಗಫೂರ್ ಸಾಹೇಬರು ಗಡ್ಡ ನೀವಿಕೊಂಡು ನನ್ನನ್ನು ಅಳೆಯುವಂತೆ ನೋಡಿದರು. "ಮುಂದೆ ಸ್ವಲ್ಪ ವಜನ್ ಬೇಕು. ನೀವು ಬಾನೆಟ್ ಮೇಲೆ ಕೂತ್ಕೊಳ್ಳಿ." ಕೂತೆ. ಚಕ್ರಗಳು ವಿಧೇಯವಾಗಿ ನೆಲಕ್ಕಿಳಿದವು. "ಶಾಬಾಶ್! ನಿಮ್ಮ ಅಳತೆಗೇ ಮಾಡಿಸಿದ ಹಾಗಿದೆ," ಎಂದರು ಅವರು.

ವರದಿ ಒಪ್ಪಿಸಿದಾಗ ಜಯರಾಮ್ ಸಾಹೇಬರಿಗೆ ಇದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಗುಮಾಸ್ತರನ್ನು ಎಲ್ಲಿ ಬೇಕಾದರೂ ಕೂರಿಸಬಹುದೆಂಬುದು ಅವರಿಗೆ ಫಾರಿನ್‌ಗೆ ಹೋಗುವ ಮೊದಲೇ ಗೊತ್ತಿತ್ತು.

ಡೈರೆಕ್ಟರು ಬಂದರು. ಶಾಮಿಯಾನ, ಬೆತ್ತದ ಕುರ್ಚಿ, ಆಫೀಸರುಗಳು, ಅವರ ಹೆಂಡಿರು. ಟ್ರ್ಯಾಕ್ಟರಿನ ಸೀಟಿನಲ್ಲಿ ಹ್ಯಾಟು ಪೈಪಿನ ಸಾಹೇಬರು. ಬಾನೆಟ್ಟಿನ ಮೇಲೆ ಇಸ್ತ್ರಿ ಮಾಡಿದ ಪಂಚೆ, ಕೋಟು ತೊಟ್ಟು, ಸಾಹೇಬರ ಕಡೆ ಮುಖ ಮಾಡಿ, ದೀಪದ ಕಂಬಿ ಹಿಡಿದು ಕೂತ ನಾನು. ಕೆಳಗೆ ಎಂಜಿನ್ನು ದೋಸೆ ಹಂಚಿನಂತೆ ಕಾಯುತ್ತಿತ್ತು. ಕೂತ ಭಂಗಿ ಬದಲಿಸಬೇಡಿ ಎಂದು ಕಟ್ಟಪ್ಪಣೆ. ಸಾಹೇಬರು ಹಗ್ಗ ಎಳೆದರು. ತಟ್ಟೆ ಗಿರ್ರೆಂದು ತಿರುಗಿ ಬಿಳಿಯ ಗೊಬ್ಬರ ಬೀಸಣಿಗೆಯ ಹಾಗೆ ಚಿಮ್ಮಿತು. ಚಪ್ಪಾಳೆ! ಚಪ್ಪಾಳೆ ಕೇಳಿ ಅವರು ಡೈರೆಕ್ಟರ ಕಡೆ ತಿರುಗಿ ಹ್ಯಾಟು ಎತ್ತಿದರು. ಟ್ರ್ಯಾಕ್ಟರು ಎಡಕ್ಕೆ ಹೋಯಿತು. ಸರಿಮಾಡಲು ಬಲಕ್ಕೆ ತಿರುಗಿಸಿದರು; ಬಲಕ್ಕೆ ಹೋಯಿತು. ಹೀಗೆ ಹಾವು ಹರಿದಂತೆ ಹುಲ್ಲಿನ ನಟ್ಟನಡುವೆ ಬಂದು, ಶಾಮಿಯಾನದ ಎದುರಿಗೆ ಟ್ರ್ಯಾಕ್ಟರು ನಿಲ್ಲಿಸಿ ಭಾಷಣ ಶುರುಮಾಡಿದರು.

"ನಾನು ಫಾರಿನ್‌ನಲ್ಲಿದ್ದಾಗ..."

ಟ್ರ್ಯಾಕ್ಟರು ನಿಂತಿತ್ತು, ತಟ್ಟೆ ನಿಂತಿತ್ತು, ಬಾಗಿಲು ಮಾತ್ರ ತೆರೆದೇ ಇತ್ತು. ಹಿಂದೆ ಮುಖ ಮಾಡಿ ಕೂತಿದ್ದ ನನಗೊಬ್ಬನಿಗೆ ಕಾಣುತ್ತಿತ್ತು: ಡಬ್ಬದ ಗೊಬ್ಬರ ಸೊರ್ರೆಂದು ಇಳಿದು ಹುಲ್ಲಿನ ಮೇಲೆ ಗುಡ್ಡೆಯಾಗುತ್ತಿದೆ. ಕಣ್ಣು ಅಗಲಿಸಿದೆ. ಹುಬ್ಬು ಹಾರಿಸಿದೆ. "ಸಾರ್, ಹಿಂದೆ..." ಎಂದೆ. "ನಮ್ಮ ದೇಶ ಹಿಂದೆ ಇರೋದೇ ಹೀಗೆ ಮಧ್ಯ ಬಾಯಿ ಹಾಕೋರಿಂದ," ಎಂದು ಅವರು ಆ ಪದವನ್ನು ಭಾಷಣದಲ್ಲೇ ಸೇರಿಸಿಕೊಂಡರು. ಸಭೆ ನಕ್ಕಿತು. ನಾನು ದೇಶದ ಪ್ರಗತಿ ಗುಡ್ಡೆಯಾಗಿ ಏರುವುದನ್ನು ನೋಡುತ್ತ ಕೂತೆ. ಭಾಷಣ ಮುಗಿಯುವ ಹೊತ್ತಿಗೆ ಗೊಬ್ಬರ ಮುಗಿದಿತ್ತು. ಗಫೂರ್ ಸಾಹೇಬರು ಹೇಳಿದ್ದ ಹಾಗೆ, ತಾನಾಗೇ ನಿಂತಿತ್ತು. ಡೈರೆಕ್ಟರು ಕೈಕುಲುಕಿ ಕಾಫಿಗೆ ಹೋದರು. ಡೆಮಾನ್‌ಸ್ಟ್ರೇಷನ್ ಭರ್ಜರಿ ಯಶಸ್ಸು ಎಂದೇ ಎಲ್ಲರೂ ಹೇಳಿದರು. ಗುಡ್ಡೆಯನ್ನು ಮುನಿಯಮ್ಮ ಬರಿಗೈಯಿಂದ ಬಾಚಿ ತೆಗೆದಳು. ಆದರೆ ಅಷ್ಟರಲ್ಲಿ ಹುಲ್ಲಿನ ಬೇರಿಗೆ ಇಳಿಯಬೇಕಾದದ್ದು ಇಳಿದಿತ್ತು.

ಆಮೇಲೆ ಒಂದೆರಡು ಮಳೆ ಬಂತು. ಹುಲ್ಲುಹಾಸು ಬಾಯಿಬಿಟ್ಟಿತು. ಟ್ರ್ಯಾಕ್ಟರು ಹೋದ ದಾರಿಯುದ್ದಕ್ಕೂ ಕಡುಹಸಿರು, ಉಳಿದ ಕಡೆ ಪೇಲವ ಹಳದಿ. ಆ ಹಳದಿಯ ಮೇಲೆ ಹಸಿರು ಹಾವಿನಂತೆ ಸಾಹೇಬರು ಓಡಿಸಿದ ಒಂದೊಂದು ಅಂಕುಡೊಂಕೂ ಎದ್ದು ಕಾಣುತ್ತಿತ್ತು. ನಟ್ಟನಡುವೆ, ಟ್ರ್ಯಾಕ್ಟರು ನಿಂತಲ್ಲಿ, ಹುಲ್ಲೆಲ್ಲ ಸುಟ್ಟು ಬೋಳಾದ ದುಂಡನೆಯ ಮಚ್ಚೆ. ಕ್ಲಬ್ಬಿನ ಮಹಡಿಯಿಂದ ನೋಡಿದರೆ ಇಡೀ ಸಮಾರಂಭವನ್ನು ಮತ್ತೆ ನೋಡಿದಂತಾಗುತ್ತಿತ್ತು. ಪಾಳಿ ಬಿಟ್ಟು ಬರುವವರು ಬೇಲಿಯ ಬಳಿ ನಿಂತು ಹೊಸಬರಿಗೆ ತೋರಿಸುತ್ತಿದ್ದರು: "ನೋಡು ಮಾರಾಯ, ಇಲ್ಲಿ ಟೋಪಿ ಎತ್ತಿದ್ದು. ಇಲ್ಲಿ ಗಾಬರಿ ಬಿದ್ದಿದ್ದು. ಆ ಬೋಳು ಇದೆಯಲ್ಲ, ಅಲ್ಲಿ ಭಾಷಣ ಮಾಡಿದ್ದು." ಭಾಷಣದಿಂದ ಹುಲ್ಲೂ ಬೆಳೆಯುವುದಿಲ್ಲ ಎಂಬುದಕ್ಕೆ ಇಷ್ಟು ಸ್ಪಷ್ಟ ಪುರಾವೆ ಕೃಷಿ ಇಲಾಖೆಯಲ್ಲಿಯೂ ಇರಲಾರದು.

ಸಾಹೇಬರು ನನ್ನನ್ನು ಕರೆಸಿದರು. ಅವರು ಆಳವಾಗಿ ವಿಚಾರ ಮಾಡಿದ್ದರು. "ತಪ್ಪು ಎಲ್ಲಾಯ್ತು ಅಂತ ಗೊತ್ತಾಯ್ತು. ಮುಂದಿನ ತೂಕ ಅಲುಗಾಡಿದೆ. ನೀವು ಕಣ್ಣು ಹುಬ್ಬು ಎಲ್ಲ ಕುಣಿಸ್ತಿದ್ರಿ, ನಾನೇ ನೋಡಿದೀನಿ."

ನನ್ನ ಹುಬ್ಬಿನ ಬಲದಿಂದ ಟ್ರ್ಯಾಕ್ಟರು ಸೊಟ್ಟ ಹೋಯಿತೆಂಬ ಸಂಶೋಧನೆಗೆ ನಾನು ತಲೆಬಾಗಿದೆ. ಅಡಿಗೆಮನೆಯ ನಲ್ಲಿ ಕಣ್ಣ ಮುಂದೆ ತೊಟ್ಟಿಕ್ಕುತ್ತಿತ್ತು.

"ಆ ಹಳದಿ ಜಾಗಕ್ಕೆಲ್ಲ ಬೇಗ ಗೊಬ್ಬರ ಹಾಕ್ಸಿ. ಮುನಿಯಮ್ಮ ಕೈಯಲ್ಲೇ ಹಾಕಲಿ. ಆದ್ರೆ ಬೆಳಿಗ್ಗೆ ಕ್ಲಬ್ ತೆರೆಯೋಕೆ ಮುಂಚೆ ಮುಗೀಬೇಕು, ಯಾರೂ ನೋಡಬಾರದು."

ಸಮಯ ಒಳ್ಳೆಯದೆಂದುಕೊಂಡು, "ಸಾರ್, ಅವಳ ಕೈ ಒಡೆದುಹೋಗಿದೆ. ಸ್ಟೋರಿನಲ್ಲಿ ರಬ್ಬರ್ ಕೈಗವಸು ಬೇಕಾದಷ್ಟಿವೆ. ಒಂದು ಜೊತೆ ಕೊಡಿಸಿದ್ರೆ..." ಎಂದೆ.

"ಹ್ಯಾಗ್ರೀ ಕೊಡೋದು? ನಮ್ಮಲ್ಲಿ ಕೈಯಲ್ಲಿ ಎರಚೋ ಪದ್ಧತಿ ನಿಂತುಹೋಗಿದೆ ಅಂತ ಡೈರೆಕ್ಟರಿಗೆ ಹೇಳಿಯಾಗಿದೆ. ಯಾರೂ ಎರಚದೇ ಇದ್ದ ಮೇಲೆ ಕೈಗವಸು ಯಾರಿಗೆ?"

ನಾನು ಹೊರಗೆ ಬಂದೆ. ಮುನಿಯಮ್ಮ ಬಾಗಿಲಲ್ಲೇ ಇದ್ದಳು, ಎಲ್ಲ ಕೇಳಿಸಿಕೊಂಡಿದ್ದಳು. "ಬಿಡಿ ಸಾಮಿ, ನಿಮ್ಮ ಯಂತ್ರಕ್ಕೆ ಎಣ್ಣೆ ಕೊಡ್ತಾರೆ, ಹೊದ್ದುಕೊಳ್ಳೋಕೆ ಟಾರ್ಪಾಲ್ ಕೊಡ್ತಾರೆ. ನಾನು ಯಂತ್ರ ಅಲ್ವಲ್ಲ," ಎಂದು ಸೆರಗಿಗೆ ಕೈ ಒರೆಸಿಕೊಂಡು ನಡೆದಳು. ಅವಳ ಮಾತು ದಿನವೆಲ್ಲ ಚುಚ್ಚಿತು. ಸಂಜೆ ಬಸ್ಸು ಹತ್ತುವ ಮೊದಲು, ನನಗೇ ಆಶ್ಚರ್ಯವಾಗುವಂಥ ಧೈರ್ಯದಿಂದ ಮತ್ತೆ ಸಾಹೇಬರ ಕೋಣೆಗೆ ಹೋದೆ.

"ಸಾರ್, ಗೊಬ್ಬರ ಎರಚೋ ಸ್ಪ್ರೆಡರಿಗೆ ಒಂದು ಬಿಡಿಭಾಗ ಬೇಕು. ಗೊಬ್ಬರ ತಗಲೋ ಎರಡು ತುದಿಗೂ ರಬ್ಬರ್ ಕವಚ. ಎಡಕ್ಕೊಂದು, ಬಲಕ್ಕೊಂದು. ಇಲ್ಲದಿದ್ರೆ ಬಿರುಕು ಬಿಡುತ್ತೆ."

ಸಾಹೇಬರ ಮುಖ ಅರಳಿತು. "ನೋಡಿದ್ರಾ, ಈಗ ನಿಮಗೂ ಮೆಷಿನರಿ ಅರ್ಥ ಆಗ್ತಾ ಬಂತು! ಫಾರಿನ್‌ನಲ್ಲಿ ರಬ್ಬರ್ ಇಲ್ಲದೆ ಯಂತ್ರ ಮುಟ್ಟೋದೇ ಇಲ್ಲ. ಎರಡು ಜೊತೆ ತಗೊಳ್ಳಿ. ಸ್ಪೇರ್ ಇರಲಿ."

ಮಾರನೆಯ ದಿನ ಬೆಳಿಗ್ಗೆ ಯಂತ್ರದ ಬಿಡಿಭಾಗಗಳನ್ನು ಮುನಿಯಮ್ಮನ ಕೈಗೆ ತೊಡಿಸಿಕೊಟ್ಟೆ. ಅವಳು ಬೆರಳುಗಳನ್ನು ಮಡಿಸಿ ಬಿಡಿಸಿ ನೋಡಿ ನಕ್ಕಳು. ತಿಂಗಳೊಪ್ಪತ್ತಿನಲ್ಲಿ ಹಳದಿ ಮಾಯವಾಗಿ, ಬೋಳಿಗೆ ಹೊಸ ಹುಲ್ಲು ಹತ್ತಿ, ಇಡೀ ಹಾಸು ಒಂದೇ ಬಣ್ಣದ ಜಮಖಾನದಂತಾಯಿತು. ಕೀರ್ತಿ ಟ್ರ್ಯಾಕ್ಟರಿಗೆ ಹೋಯಿತು. ಕೀರ್ತಿ ಕೇಳಿ ಬೇರೆ ಕಾರ್ಖಾನೆಯ ಕೆಲವರು ಯಂತ್ರ ನೋಡಲು ಬಂದರು.

ಈ ಸಲ ಅಪಾಯ ಬೇಡವೆಂದು ಡಬ್ಬವನ್ನು ಖಾಲಿ ಬಿಟ್ಟಿದ್ದೆವು. ಖಾಲಿ ಡಬ್ಬಕ್ಕೆ ಮುಂದೆ ತೂಕ ಬೇಕಾಗಿರಲಿಲ್ಲ. ಅದನ್ನು ಹೇಳಿದರೂ ಸಾಹೇಬರು ಕೇಳಲಿಲ್ಲ. "ಮೊದಲು ಹೇಗಿತ್ತೋ ಹಾಗೇ ಇರಲಿ," ಎಂದರು. ಪಂಚೆ ಸರಿಮಾಡಿಕೊಂಡು ಬಾನೆಟ್ ಏರಿದೆ. ಟ್ರ್ಯಾಕ್ಟರು ಹುಲ್ಲಿನ ಸುತ್ತ ಏನನ್ನೂ ಎರಚದೆ ಗಂಭೀರವಾಗಿ ಓಡಿತು. ಬಂದವರಲ್ಲಿ ಒಬ್ಬ ಕಿರಿಯ ಎಂಜಿನಿಯರು ಡಬ್ಬ, ತಟ್ಟೆ, ಚೈನು ಎಲ್ಲವನ್ನೂ ಬಗ್ಗಿ ನೋಡಿ, ಕೊನೆಗೆ ನನ್ನನ್ನು ತೋರಿಸಿ, "ಸಾರ್, ಇವರದು ಏನು ಕೆಲಸ?" ಎಂದು ಕೇಳಿದ.

"ಕೂತಿರೋದು," ಎಂದರು ಸಾಹೇಬರು.

ಇಷ್ಟು ವರ್ಷಗಳ ನೌಕರಿಯಲ್ಲಿ ನನ್ನ ಕೆಲಸವೇನೆಂದು ಮೇಲಧಿಕಾರಿಯೊಬ್ಬರು ತಪ್ಪಿಲ್ಲದೆ ಹೇಳಿದ್ದು ಅದೇ ಮೊದಲು. ಎಂಜಿನಿಯರು ಒಪ್ಪಿಗೆಯಿಂದ ತಲೆಯಾಡಿಸಿದ. ತಮ್ಮಲ್ಲೂ ಅಂಥವರು ಬಹಳ ಜನ ಇದ್ದಾರೆ, ಟ್ರ್ಯಾಕ್ಟರು ಒಂದು ಬರಬೇಕು ಅಷ್ಟೇ ಎಂದ.